ಬೆಲೆ ತಾನಾಗಿ ಬರುತ್ತದೆ, ಉಳಿದದ್ದು ನಾವೇ ಬರೆಯಬೇಕು: ಗೂಗಲ್ ಶೀಟ್ಸ್‌ನಲ್ಲಿ ಷೇರು ಲೆಕ್ಕ

ಹಲವು ವರ್ಷಗಳಿಂದ ನನ್ನ ಷೇರುಗಳ ಲೆಕ್ಕವೆಲ್ಲ ಗೂಗಲ್‌ನ ಆನ್‌ಲೈನ್ ಸ್ಪ್ರೆಡ್‌ಶೀಟ್ ಆದ ಗೂಗಲ್ ಶೀಟ್ಸ್‌ನಲ್ಲಿದೆ. ಒಂದಕ್ಕಿಂತ ಹೆಚ್ಚು ಬ್ರೋಕರ್‌ಗಳಲ್ಲಿ ಖಾತೆ ಇರುವವರಿಗೆ ಕಾರಣ ಹೇಳಬೇಕಿಲ್ಲ. ಪ್ರತಿ ಆ್ಯಪ್ ತನ್ನಲ್ಲಿರುವುದನ್ನಷ್ಟೇ ತೋರಿಸುತ್ತದೆ, ಎಲ್ಲ ಸೇರಿ ಎಷ್ಟಾಯಿತು ಅನ್ನುವುದನ್ನು ಯಾವುದೂ ಹೇಳುವುದಿಲ್ಲ. ಶೀಟ್ಸ್‌ಗೆ ನಾನು ಕೊಡುವುದು 5ಕ್ಕೆ 4.

ಇದರ ಜೀವಾಳ ‘ಗೂಗಲ್‌ಫೈನಾನ್ಸ್’ ಎಂಬ ಫಂಕ್ಷನ್ (ಸಿದ್ಧ ಸೂತ್ರ). ಷೇರಿನ ಟಿಕರ್ (ಮಾರುಕಟ್ಟೆಯಲ್ಲಿ ಕಂಪನಿಯನ್ನು ಗುರುತಿಸುವ ಕಿರುಸಂಕೇತ) ಕೊಟ್ಟರೆ ಬೆಲೆ ಸೆಲ್‌ಗೆ ಬಂದು ಕೂರುತ್ತದೆ. ಟಿಕರ್‌ಗೆ ಮುಂಚೆ ವಿನಿಮಯ ಕೇಂದ್ರದ ಸಂಕೇತ, ನಡುವೆ ಒಂದು ಕೋಲನ್ ಹಾಕುವುದನ್ನು ಮಾತ್ರ ಬಿಡಬೇಡಿ. ಬಿಟ್ಟರೆ ಯಾವ ಮಾರುಕಟ್ಟೆ ಎಂದು ಅದೇ ಊಹಿಸಿಕೊಳ್ಳುತ್ತದೆ, ಅದೇ ಟಿಕರ್ ಇರುವ ಬೇರೆ ದೇಶದ ಕಂಪನಿಯ ಬೆಲೆ ಬಂದರೂ ಬಂತೇ. ಬೆಲೆಯಲ್ಲದೆ 52 ವಾರಗಳ ಗರಿಷ್ಠ ಕನಿಷ್ಠ, ಪಿಇ ಅನುಪಾತ (ಷೇರಿನ ಬೆಲೆ ಪ್ರತಿ ಷೇರಿನ ಗಳಿಕೆಯ ಎಷ್ಟು ಪಟ್ಟು ಎಂಬ ಅಂಕಿ), ಹಿಂದಿನ ದಿನದ ಮುಕ್ತಾಯ ದರ, ಕರೆನ್ಸಿ ವಿನಿಮಯ ದರವನ್ನೂ ಕೇಳಬಹುದು. ಶೇಕಡಾವಾರು ಬದಲಾವಣೆ ಕೇಳಿದಾಗ 1.25 ಎಂದು ಬಂದರೆ ಅದು ಶೇ 1.25 ಎಂದೇ ಅರ್ಥ. ಆ ಸೆಲ್‌ಗೆ ಶೇಕಡಾ ಫಾರ್ಮ್ಯಾಟ್ ಹಾಕಬೇಕಿದ್ದರೆ ಮೊದಲು 100ರಿಂದ ಭಾಗಿಸಿ, ಇಲ್ಲದಿದ್ದರೆ ಶೀಟು 125% ಎಂದು ಕುಣಿಯುತ್ತದೆ.

ಬೆಲೆಗಳು 20 ನಿಮಿಷದವರೆಗೆ ತಡವಾಗಿರಬಹುದು ಎಂದು ಗೂಗಲ್ ತಾನೇ ಹೇಳಿಕೊಂಡಿದೆ. ಎಲ್ಲ ಮಾರುಕಟ್ಟೆಗಳೂ ಅದರಲ್ಲಿಲ್ಲ. ದಿನಕ್ಕೊಮ್ಮೆ ನೋಡುವವರಿಗೆ ಈ ತಡ ಲೆಕ್ಕಕ್ಕಿಲ್ಲ. ಆದರೂ ಬೆಲೆಯ ಪಕ್ಕದ ಕಾಲಂನಲ್ಲಿ ‘ಟ್ರೇಡ್‌ಟೈಮ್’ ಇಟ್ಟುಕೊಳ್ಳುವುದು ಒಳ್ಳೆಯದು. ಆ ಬೆಲೆಗೆ ಕೊನೆಯ ವಹಿವಾಟು ಯಾವಾಗ ನಡೆಯಿತು ಎಂದು ಅದು ತೋರಿಸುತ್ತದೆ. ಉಳಿದವೆಲ್ಲ ಇವತ್ತಿನವು, ಒಂದು ಮಾತ್ರ ಹೋದ ತಿಂಗಳದ್ದು ಅಂದರೆ ಆ ಷೇರಿನ ಕಡೆ ಗಮನ ಹರಿಸಬೇಕು.

ಇನ್ನು ಅಂಕ ಕಳೆದದ್ದು ಯಾಕೆಂದರೆ, ಇಲ್ಲಿ ತಾನಾಗಿ ಬದಲಾಗುವುದು ಬೆಲೆ ಒಂದೇ. ನಿಮ್ಮಲ್ಲಿ ಎಷ್ಟು ಷೇರುಗಳಿವೆ ಎನ್ನುವುದು ಶೀಟಿಗೆ ಗೊತ್ತಿಲ್ಲ. ಕಂಪನಿ ಒಂದು ಷೇರನ್ನು ಎರಡಾಗಿ ಒಡೆದಾಗ, ಅಂದರೆ ಸ್ಪ್ಲಿಟ್ ಮಾಡಿದಾಗ, ಇದರ ಬಿಸಿ ತಟ್ಟುತ್ತದೆ. 800ರ ದರದ 100 ಷೇರುಗಳಿದ್ದರೆ ಮೌಲ್ಯ 80,000. ಸ್ಪ್ಲಿಟ್ ಜಾರಿಯಾದ ದಿನ ಫಂಕ್ಷನ್ 400 ಎಂಬ ಹೊಸ ದರವನ್ನು ಸರಿಯಾಗಿಯೇ ತರುತ್ತದೆ, ಸಂಖ್ಯೆಯ ಕಾಲಂನಲ್ಲಿ ಇನ್ನೂ 100 ಇರುತ್ತದೆ, ಶೀಟು 40,000 ಎನ್ನುತ್ತದೆ. ಬೆಲೆ ಸರಿ, ಫಾರ್ಮುಲಾ ಸರಿ, ಉತ್ತರ ಮಾತ್ರ ಅರ್ಧ. ಕಂಪನಿ ಪುಕ್ಕಟೆ ಕೊಡುವ ಬೋನಸ್ ಷೇರು ಬಂದಾಗಲೂ ಹೀಗೇ. ಕಂಪನಿ ವಿಲೀನವಾಗಿ ಟಿಕರ್ ಬದಲಾದರೆ ಅದನ್ನೂ ನಾವೇ ತಿದ್ದಬೇಕು.

ಆದ್ದರಿಂದ ಷೇರಿನ ಸಂಖ್ಯೆಯನ್ನು ಮುಖ್ಯ ಪುಟದಲ್ಲಿ ಟೈಪ್ ಮಾಡಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಹಿವಾಟಿಗೆ ಬೇರೆಯೇ ಪುಟ ಇರಲಿ: ದಿನಾಂಕ, ಟಿಕರ್, ಸಂಖ್ಯೆ, ದರ, ಶುಲ್ಕ. ಮಾರಿದ್ದನ್ನು ಮೈನಸ್‌ನಲ್ಲಿ ಬರೆಯಿರಿ. ಸ್ಪ್ಲಿಟ್ ಆದಾಗ ಸೊನ್ನೆ ದರದಲ್ಲಿ 100 ಷೇರು ಬಂದವು ಎಂದು ಒಂದು ಸಾಲು ಸೇರಿಸಿದರೆ ಮುಗಿಯಿತು. ಮುಖ್ಯ ಪುಟದಲ್ಲಿ ‘ಸಮ್‌ಇಫ್’ (ಒಂದೇ ಟಿಕರ್ ಇರುವ ಸಾಲುಗಳನ್ನಷ್ಟೇ ಕೂಡುವ ಫಂಕ್ಷನ್) ಹಾಕಿದ್ದರೆ ಸಂಖ್ಯೆ 200 ಆಗುತ್ತದೆ, ಹಾಕಿದ ಹಣ ಅಷ್ಟೇ ಉಳಿಯುತ್ತದೆ, ಸರಾಸರಿ ದರ ತಾನೇ ಅರ್ಧಕ್ಕಿಳಿಯುತ್ತದೆ.

ಡಿವಿಡೆಂಡ್ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಹಣ) ಕೂಡ ಇದೇ ಪುಟಕ್ಕೆ ಬರಬೇಕು, ಯಾಕೆಂದರೆ ಫಂಕ್ಷನ್ ಅದನ್ನು ಕೊಡುವುದಿಲ್ಲ. ಬರೆಯದೆ ಬಿಟ್ಟರೆ ಕೈತುಂಬ ಡಿವಿಡೆಂಡ್ ಕೊಡುವ ಕಂಪನಿ ಸುಮ್ಮನೆ ಮಂಕಾಗಿ ಕಾಣುತ್ತದೆ. ಹಣ ಹೋದ, ಬಂದ ದಿನಾಂಕಗಳೆಲ್ಲ ಒಂದೆಡೆ ಇದ್ದರೆ ‘ಎಕ್ಸ್‌ಐಆರ್‌ಆರ್’ ಫಂಕ್ಷನ್‌ನಿಂದ ನಿಜವಾದ ವಾರ್ಷಿಕ ಗಳಿಕೆ ಸಿಗುತ್ತದೆ. ಕೊನೆಯ ಸಾಲಿನಲ್ಲಿ ಇವತ್ತಿನ ಒಟ್ಟು ಮೌಲ್ಯ ಇದ್ದರಾಯಿತು. ಕ್ಷಣಕ್ಷಣಕ್ಕೆ ಹಸಿರು ಕೆಂಪಾಗುವ ಬೆಲೆಗಿಂತ ಈ ಒಂದು ಅಂಕಿ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ.

ರೆಡಿಮೇಡ್ ಟೆಂಪ್ಲೇಟ್ ಬಳಸುವವರು ಒಂದು ವಿಷಯ ಪರೀಕ್ಷಿಸಿ. ಬೆಲೆ ಸಿಗದಿದ್ದರೆ ಸೆಲ್‌ನಲ್ಲಿ ‘ಎನ್/ಎ’ ಬೀಳುತ್ತದೆ, ಅದರಿಂದ ಒಟ್ಟು ಮೊತ್ತವೂ ಕೆಡುತ್ತದೆ. ಅದನ್ನು ಮುಚ್ಚಲು ‘ಇಫ್‌ಎರರ್’ (ದೋಷ ಬಂದರೆ ಅದರ ಬದಲು ನಾವು ಹೇಳಿದ್ದನ್ನು ತೋರಿಸುವ ಫಂಕ್ಷನ್) ಹಾಕಿ ಸೊನ್ನೆ ತೋರಿಸುವವರಿದ್ದಾರೆ. ಇದು ಅಪಾಯ. ಒಂದು ಷೇರು ಪೂರ್ತಿ ಮಾಯವಾದರೂ ಮೊತ್ತ ಅಚ್ಚುಕಟ್ಟಾಗಿಯೇ ಕಾಣುತ್ತದೆ, ನೀವು ಮಾರುಕಟ್ಟೆ ಬಿತ್ತು ಅಂದುಕೊಳ್ಳುತ್ತೀರಿ. ದೋಷ ಕಣ್ಣಿಗೆ ಹೊಡೆದು ಕಾಣಲಿ ಬಿಡಿ.

ಹಳೆಯ ಬೆಲೆಗಳ ವಿಷಯ ಸ್ವಲ್ಪ ಸೂಕ್ಷ್ಮ. ದಿನಾಂಕ ಕೊಟ್ಟರೆ ಅಂದಿನ ಮುಕ್ತಾಯ ದರ ಸಿಗುತ್ತದೆ. ಅದು ಶೀರ್ಷಿಕೆ ಸಮೇತ ಪುಟ್ಟ ಕೋಷ್ಟಕವಾಗಿ ಬರುವುದರಿಂದ ‘ಇಂಡೆಕ್ಸ್’ ಬಳಸಿ 2ನೇ ಸಾಲು, 2ನೇ ಕಾಲಂ ತೆಗೆದುಕೊಳ್ಳಬೇಕು. ಆದರೆ ಆ ದರ ನಂತರದ ಸ್ಪ್ಲಿಟ್‌ಗೆ ಹೊಂದಿಸಿದ್ದಾಗಿರುತ್ತದೆ. ಅಂದಿನ ಷೇರಿನ ಸಂಖ್ಯೆಯಿಂದ ಅದನ್ನು ಗುಣಿಸಿದರೆ ಅಂದಿನ ಮೌಲ್ಯ ಬರುವುದಿಲ್ಲ. ಈ ಹಳೆಯ ಬೆಲೆಗಳನ್ನು ಆ್ಯಪ್ಸ್ ಸ್ಕ್ರಿಪ್ಟ್ (ಶೀಟ್ಸ್‌ಗೆ ಚಿಕ್ಕ ಪ್ರೋಗ್ರಾಂ ಬರೆಯುವ ಗೂಗಲ್ ಸೌಲಭ್ಯ) ಮೂಲಕ ಓದಲೂ ಬಿಡುವುದಿಲ್ಲ. ಪೋರ್ಟ್‌ಫೋಲಿಯೊ ಬೆಳೆದ ಗ್ರಾಫ್ ಬೇಕಿದ್ದರೆ, ದಿನಕ್ಕೊಮ್ಮೆ ಇವತ್ತಿನ ಒಟ್ಟು ಮೊತ್ತವನ್ನು ಹೊಸ ಸಾಲಿಗೆ ಬರೆದಿಡುವ ಚಿಕ್ಕ ಸ್ಕ್ರಿಪ್ಟ್ ಇಡುವುದೇ ದಾರಿ. ಶುರುಮಾಡಿದ ದಿನದಿಂದಲೇ ಇಡಿ, ಹಿಂದಿನದನ್ನು ಆಮೇಲೆ ಕಟ್ಟುವುದು ತಲೆನೋವು.

ಎಕ್ಸೆಲ್‌ನಲ್ಲೂ ‘ಸ್ಟಾಕ್ಸ್’ ಎಂಬ ಡೇಟಾ ಟೈಪ್ ಇದೆ, ಹಳೆಯ ಬೆಲೆಗೆ ‘ಸ್ಟಾಕ್‌ಹಿಸ್ಟರಿ’ ಇದೆ. ಮೈಕ್ರೋಸಾಫ್ಟ್ 365 ಚಂದಾ ಈಗಾಗಲೇ ಕಟ್ಟುತ್ತಿರುವವರು ಅದನ್ನೇ ಬಳಸಬಹುದು, ಇದಕ್ಕಾಗಿಯೇ ಚಂದಾ ಕಟ್ಟಬೇಕಿಲ್ಲ. ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವವರಿಗೆ ಮಾತ್ರ ಎರಡೂ ಬೇಡ, ಅವರಿಗೆ ಬ್ರೋಕರ್‌ನ ಟರ್ಮಿನಲ್ಲೇ ಸರಿ.