ಟ್ರೇಸ್ ಫೈಲ್ ಫಾರ್ಮ್ಯಾಟ್ ಮಾಡುವಾಗ ಅದೇ ಹೆಸರಿಗೆ ಬರೆಸಬೇಡಿ

ನೆಟ್‌ವರ್ಕ್ ಟ್ರೇಸ್, ಅಂದರೆ ನೆಟ್‌ವರ್ಕ್‌ನಲ್ಲಿ ಹೋಗಿ ಬರುವ ಡೇಟಾದ ದಾಖಲೆ, ತೆಗೆಸುವವರು ದಯವಿಟ್ಟು ಇದನ್ನು ಓದಿ. ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಹೊರಗಿನಿಂದ ಬಂದ ಸಪೋರ್ಟ್ ಇಂಜಿನಿಯರ್ ಒಂದೇ ಕಮಾಂಡ್‌ನಲ್ಲಿ ನಮ್ಮ ಇಡೀ ಟ್ರೇಸ್ ಅಳಿಸಿ ಹೋದರು.

ಈಗ ಕುಯ್ಲಿನ ಸಮಯ. ಆಲ್ದೂರು, ಮೂಡಿಗೆರೆ ಕಡೆಯಿಂದ ಬರುವ ಚೀಲಗಳ ತೂಕದ ಲೆಕ್ಕ ಪ್ರತಿ ಸಂಜೆ ಎಫ್‌ಟಿಪಿ (ಫೈಲ್ ಕಳಿಸುವ ಒಂದು ಹಳೆಯ ವಿಧಾನ) ಮೂಲಕ ಮಂಗಳೂರಿನ ಹೆಡ್ ಆಫೀಸಿಗೆ ಹೋಗಬೇಕು. ಹೋಗದಿದ್ದರೆ ಬೆಳೆಗಾರರಿಗೆ ದುಡ್ಡು ತಡ. ಆ ಕನೆಕ್ಷನ್ ಆಗಾಗ ಅರ್ಧಕ್ಕೇ ಕಟ್ ಆಗುತ್ತಿತ್ತು. ಯಾವಾಗ ಆಗುತ್ತದೆ ಅಂತ ಗೊತ್ತಿಲ್ಲ. ಅದಕ್ಕೇ ಲಿನಕ್ಸ್ ಸರ್ವರ್‌ನಲ್ಲಿ ಟಿಸಿಪಿಡಂಪ್ ಅನ್ನುವ ಟ್ರೇಸ್ ಪ್ರೋಗ್ರಾಂ ಓಡಿಸಿ, ಮೈನಸ್ ಡಬ್ಲ್ಯೂ ಕೊಟ್ಟು, ಹೋಗಿ ಬರುವ ಪ್ಯಾಕೆಟ್‌ಗಳನ್ನೆಲ್ಲ (ಡೇಟಾದ ತುಣುಕುಗಳನ್ನು) ಫೈಲಿಗೆ ತುಂಬಿಸುತ್ತಿದ್ದೆವು. ಕೊನೆಗೂ ಒಂದು ಸಂಜೆ, ಟ್ರೇಸ್ ಓಡುತ್ತಿರುವಾಗಲೇ ಕನೆಕ್ಷನ್ ಬಿತ್ತು.

ಈ ಫೈಲ್ ಬೈನರಿ. ಎಡಿಟರ್‌ನಲ್ಲಿ ತೆರೆದರೆ ಏನೂ ಅರ್ಥವಾಗದು. ಟಿಸಿಪಿಡಂಪ್‌ಗೇ ಮೈನಸ್ ಆರ್ ಕೊಟ್ಟು ಓದಿಸಬೇಕು. ಆಗ ಯಾವ ಹೊತ್ತಿಗೆ, ಯಾರಿಂದ ಯಾರಿಗೆ, ಎಷ್ಟು ಬೈಟ್ ಹೋಯಿತು ಅಂತ ಸಾಲು ಸಾಲಾಗಿ ಬರುತ್ತದೆ. ಇದಕ್ಕೇ ಫಾರ್ಮ್ಯಾಟ್ ಮಾಡುವುದು ಅನ್ನುವುದು. ಇಂಜಿನಿಯರ್ ಅದನ್ನೇ ಮಾಡಿದರು. ಆದರೆ ಔಟ್‌ಪುಟ್ ಹೋಗಬೇಕಾದ ಜಾಗದಲ್ಲಿ, ಗ್ರೇಟರ್ ದ್ಯಾನ್ (>) ಚಿಹ್ನೆಯ ಮುಂದೆ, ಅದೇ ಟ್ರೇಸ್ ಫೈಲ್ ಹೆಸರು ಬರೆದರು. ತಿರುಗಿ ಬಂದಿದ್ದು ಒಂದು ಎರರ್: ಫೈಲ್ ಹೆಡರ್‌ನ 4 ಬೈಟ್ ಓದಲು ನೋಡಿದರೆ ಸಿಕ್ಕಿದ್ದು 0. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟು ನೋಡಿದೆ, ಫೈಲ್ ಸೈಜ್ ಸೊನ್ನೆ.

"ಫೈಲೇ ಕೆಟ್ಟಿತ್ತು ಸಾರ್, ಇನ್ನೊಂದ್ಸಲ ಟ್ರೇಸ್ ಹಾಕಿ" ಅಂದರು. ಫೈಲ್ ಕೆಟ್ಟಿರಲಿಲ್ಲ. ಆ ಚಿಹ್ನೆ ಕಂಡ ತಕ್ಷಣ ಶೆಲ್ (ನಾವು ಬರೆದ ಕಮಾಂಡ್ ಓಡಿಸುವ ಪ್ರೋಗ್ರಾಂ) ಮೊದಲು ಫೈಲನ್ನು ಖಾಲಿ ಮಾಡುತ್ತದೆ. ಕಮಾಂಡ್ ಶುರುವಾಗುವುದು ಆಮೇಲೆ. ಅಷ್ಟು ಹೊತ್ತಿಗೆ ಓದಲು ಒಳಗೆ ಏನಿರುತ್ತದೆ? ಕಾದಿದ್ದೆಲ್ಲ ನೀರಿನಲ್ಲಿ ಹೋಮ. ಐಬಿಎಂನ ಎಐಎಕ್ಸ್ ಸಿಸ್ಟಮ್‌ನಲ್ಲಿ ಐಪಿಟ್ರೇಸ್ ಹಾಕಿ ಐಪಿರಿಪೋರ್ಟ್‌ನಿಂದ ಫಾರ್ಮ್ಯಾಟ್ ಮಾಡುವವರಿಗೂ ಇದೇ ಅಪಾಯ ಇದೆ.

ಟ್ರೇಸ್ ನಿಲ್ಲಿಸಿದ ಕೂಡಲೇ ಬೇರೆ ಮೆಷಿನ್‌ಗೆ ಒಂದು ಕಾಪಿ ಹಾಕಿ. ಫಾರ್ಮ್ಯಾಟ್, ಫಿಲ್ಟರ್ ಎಲ್ಲ ಆ ಕಾಪಿಯ ಮೇಲೆ ಆಗಲಿ. ಓದಲು ಮಾತ್ರ ಅಂತ ಪರ್ಮಿಷನ್ ಇಟ್ಟರೆ ಸಾಕು ಅಂದುಕೊಳ್ಳಬೇಡಿ, ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಕೆಲಸ ಮಾಡುವಾಗ ಅದು ತಡೆಯುವುದಿಲ್ಲ. ಬ್ಯಾಶ್ ಅನ್ನುವ ಶೆಲ್‌ನಲ್ಲಿ ನೋಕ್ಲಾಬರ್ ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಆಗಲೇ ಇರುವ ಫೈಲಿನ ಮೇಲೆ ಆ ಚಿಹ್ನೆಯಿಂದ ಬರೆಯಲು ಶೆಲ್ ಬಿಡುವುದಿಲ್ಲ.

ಇನ್ನೊಂದು ವಿಷಯ, ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ. ಅದಕ್ಕೂ ಮುಂಚೆ ತೆಗೆದ ಒಂದು ಟ್ರೇಸನ್ನು ಅವರು ಮೈನಸ್ ದೊಡ್ಡ ಎ ಕೊಟ್ಟು ಅಕ್ಷರಗಳಾಗಿ ಬಿಡಿಸಿ, ತಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ ಅಲ್ವಾ, ಪಾಸ್ ಅಂತ ಶುರುವಾಗುವ ಸಾಲಿನಲ್ಲಿ ನಮ್ಮದು ಹಾಗೇ ಕೂತಿತ್ತು. ಕಂಡ ತಕ್ಷಣ ಬದಲಾಯಿಸಿದೆವು. ಯಾರಿಗೇ ಆಗಲಿ, ಟ್ರೇಸ್ ಕೊಡುವ ಮೊದಲು ನೀವೇ ಒಮ್ಮೆ ಫಾರ್ಮ್ಯಾಟ್ ಮಾಡಿ ಆ ಸಾಲುಗಳನ್ನು ಹುಡುಕಿ. ಟೆಕ್ಸ್ಟ್‌ನಲ್ಲಿ ಅಳಿಸಿದರೂ ಮೂಲ ಬೈನರಿಯಲ್ಲಿ ಅದು ಇದ್ದೇ ಇರುತ್ತದೆ.

ಎಫ್‌ಟಿಪಿ ಬಿಟ್ಟು, ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿ ಕಳಿಸುವ ಎಸ್‌ಎಫ್‌ಟಿಪಿಗೆ ಹೋಗೋಣ ಅಂತ ಹೆಡ್ ಆಫೀಸಿಗೆ ಬರೆದಿದ್ದೇನೆ. ಅಲ್ಲಿಯವರೆಗೆ ಟ್ರೇಸ್ ಮತ್ತೆ ಓಡುತ್ತಿದೆ, ಮೂಲ ಫೈಲ್ ನಮ್ಮ ಹತ್ತಿರವೇ ಇರುತ್ತದೆ.