ಸ್ಪ್ರಿಂಗ್‌ಫೀಲ್ಡ್ ನಕಲು ಕೋವಿಗೆ ಸೈಟ್ ಸ್ಕ್ರೂ ತರಿಸುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಹಳೇ ಕಾಲದ ಕೇಪಿನ ಕೋವಿಯ ಹುಚ್ಚು ಇರುವವರು ಕೆಲವರಾದರೂ ಇದ್ದೀರಿ. ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. "1861 ಸ್ಪ್ರಿಂಗ್‌ಫೀಲ್ಡ್ ಸೈಟ್ ಸ್ಕ್ರೂ, ಅಸಲಿಗೂ ಹೊಂದುತ್ತದೆ, ಎಲ್ಲಾ ನಕಲಿಗೂ ಹೊಂದುತ್ತದೆ" ಎಂದು ಯಾರಾದರೂ ಮಾರುತ್ತಿದ್ದರೆ ದಯವಿಟ್ಟು ಕೊಳ್ಳಬೇಡಿ. ಸೈಟ್ ಎಂದರೆ ಗುರಿ ನೋಡಲು ನಳಿಗೆಯ ಮೇಲೆ ಇರುವ ಭಾಗ. ಹಾಗೆ ಎಲ್ಲಕ್ಕೂ ಹೊಂದುವ ಸ್ಕ್ರೂ ಇಲ್ಲವೇ ಇಲ್ಲ. ಆ ಮಾತು ನಂಬಿ ನಾನು ತರಿಸಿದ ಪೊಟ್ಟಣದಿಂದ ಶುರುವಾದ ರಗಳೆ ನನ್ನ ಕೋವಿಯ ನಳಿಗೆಯವರೆಗೂ ಹೋಯಿತು.

ನನ್ನದು ಇಟಲಿಯಲ್ಲಿ ತಯಾರಾದ ನಕಲು. ಅಸಲಿ ಕೋವಿ, ಅಂದರೆ 1861ರ ನಮೂನೆಯ ಸ್ಪ್ರಿಂಗ್‌ಫೀಲ್ಡ್, ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ಹಿಡಿದದ್ದು. .58 ಕ್ಯಾಲಿಬರ್ (ನಳಿಗೆಯ ಒಳಗಿನ ಅಗಲ 0.58 ಇಂಚು), ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವಂಥದ್ದು. ಅದರ ಹಿಂದಿನ ಸೈಟ್ ಬಹಳ ಚೆಂದ. ಎರಡು ಪುಟ್ಟ ಎಲೆಗಳು, ಒಂದು 300 ಗಜಕ್ಕೆ, ಇನ್ನೊಂದು 500ಕ್ಕೆ. ಎರಡನ್ನೂ ಮಲಗಿಸಿದರೆ 100 ಗಜ. ಈ ಸೈಟಿನ ಬುಡವನ್ನು ನಳಿಗೆಗೆ ಹಿಡಿದಿರುವುದು ಎಲೆಯ ಕೆಳಗೆ ಅಡಗಿರುವ ಒಂದು ಸ್ಕ್ರೂ. ಎಲೆಗಳು ತಿರುಗುವುದು ಅಡ್ಡಕ್ಕೆ ಹೋಗುವ ಇನ್ನೊಂದು ಸಣ್ಣ ಸ್ಕ್ರೂ ಮೇಲೆ. ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ ಫೋರ್ಟ್ ಶೆನಾಂಡೋವಾದಲ್ಲಿ ಈ ಕೋವಿಗಳ ಪಂದ್ಯ ನಡೆಯುತ್ತದೆ. ಅಲ್ಲಿಗೆ ಹೋಗುವವರಿಗೆ ಗೊತ್ತು, ಬುಡದ ಸ್ಕ್ರೂ ಕೂದಲೆಳೆಯಷ್ಟು ಸಡಿಲವಾದರೂ 100 ಗಜದಲ್ಲಿ ಗುಂಡು ಎಲ್ಲೆಲ್ಲಿಗೋ ಹೋಗುತ್ತದೆ.

ನನ್ನ ಕೋವಿಯಲ್ಲಿ ಆ ಬುಡದ ಸ್ಕ್ರೂ ಹೊಡೆತದ ಅದುರಿಗೆ ಕಳಚಿ ಹುಲ್ಲಿನಲ್ಲಿ ಬಿದ್ದುಹೋಯಿತು. ಹುಡುಕಿದರೂ ಸಿಗಲಿಲ್ಲ. ಹಳೇ ಕೋವಿಗಳ ಬಿಡಿಭಾಗ ಮಾರುವ ಒಬ್ಬರ ಬಳಿ ಎರಡೂ ಸ್ಕ್ರೂಗಳ ಸೆಟ್ ಇತ್ತು. ಇಟಲಿಯ ನಕಲಿಗೆ ಹೊಂದುತ್ತದಾ ಎಂದು ಬರೆದು ಕೇಳಿದೆ. "ಹೊಂದುತ್ತದೆ, ಎಲ್ಲಾ ಒಂದೇ" ಎಂದು ಉತ್ತರ ಬಂತು. ದುಡ್ಡು ಕಟ್ಟಿದೆ.

ಬಂದ ಸ್ಕ್ರೂ ನೋಡಲು ಪರವಾಗಿರಲಿಲ್ಲ. ಬೆರಳಲ್ಲಿ ತಿರುಗಿಸಿದಾಗ ಒಂದು ಸುತ್ತು ಹೋಯಿತು, ಎರಡನೆಯದಕ್ಕೆ ಗಕ್ಕನೆ ನಿಂತಿತು. ಒತ್ತಾಯ ಮಾಡದೆ ಹೊರಗೆ ತೆಗೆದು ವರ್ನಿಯರ್ ಹಿಡಿದು ಅಳೆದೆ. ಸ್ಕ್ರೂ ದಪ್ಪ 4.17 ಮಿಲಿಮೀಟರ್, ಇಂಚಿಗೆ 32 ಥ್ರೆಡ್ (ಸ್ಕ್ರೂ ಮೇಲಿನ ಸುರುಳಿ ಏಣು). ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲ್ಲರೆಗೆ ಸಿಗುವ 8-32 ಸ್ಕ್ರೂ. ನನ್ನ ಕೋವಿಯ ತೂತು ಮೆಟ್ರಿಕ್, ಎಂ4, ಅಂದರೆ 4 ಮಿಲಿಮೀಟರ್ ದಪ್ಪದ ಸ್ಕ್ರೂಗೆ ಆಗುವಂಥದ್ದು. ಅದರಲ್ಲಿ ಥ್ರೆಡ್‌ನಿಂದ ಥ್ರೆಡ್‌ಗೆ 0.7 ಮಿಲಿಮೀಟರ್, ಇವರ ಸ್ಕ್ರೂನಲ್ಲಿ ಸುಮಾರು 0.79. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಐದು ಸುತ್ತು ಹೋಗುವಷ್ಟರಲ್ಲಿ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಅಷ್ಟು ಹೊತ್ತಿಗೆ ಒಂದು ಕಡೆಯ ಥ್ರೆಡ್ ಹೋಗಿರುತ್ತದೆ. ತಲೆಯೂ ಸರಿಯಿರಲಿಲ್ಲ. ಅಮೆರಿಕದ ಚಪ್ಪಟೆ ಸ್ಕ್ರೂ ತಲೆಯ ಇಳಿಜಾರು 82 ಡಿಗ್ರಿ, ಮೆಟ್ರಿಕ್‌ನದು 90. ಹಾಗಾಗಿ ತಲೆ ಗುಳಿಯಲ್ಲಿ ಅಂಚಿಗಷ್ಟೇ ತಾಗಿ ಕೂರುತ್ತದೆ.

ಮಾರಿದವರಿಗೆ ಫೋಟೋ ಸಮೇತ ಬರೆದೆ. "ಸ್ವಲ್ಪ ಜೋರಾಗಿ ತಿರುಗಿಸಿ, ಇಲ್ಲದಿದ್ದರೆ ಟ್ಯಾಪ್ ಹೊಡೆಸಿ" ಎಂದರು. ಟ್ಯಾಪ್ ಎಂದರೆ ತೂತಿನ ಒಳಗೆ ಹೊಸ ಥ್ರೆಡ್ ಕೊರೆಯುವ ಉಪಕರಣ. ಕೋವಿ ನಳಿಗೆಗೆ ಹೀಗೆ ಸಲಹೆ ಕೊಡುವವರನ್ನು ಏನೆನ್ನಬೇಕು? ಪೊಟ್ಟಣ ಒಡೆದಿದೆ ಎಂಬ ಕಾರಣ ಹೇಳಿ ದುಡ್ಡನ್ನೂ ವಾಪಸ್ ಕೊಡಲಿಲ್ಲ.

ನಿಜವಾದ ಅನಾಹುತ ಆದದ್ದು ಆಮೇಲೆ. ತೂತಿನ ಅಳತೆ ಖಚಿತ ಮಾಡಿಕೊಳ್ಳೋಣ ಎಂದು ಕೋವಿಯನ್ನು ಹತ್ತಿರದ ಒಂದು ಅಂಗಡಿಯಲ್ಲಿ ಬಿಟ್ಟೆ. ಅಳತೆ ಮಾತ್ರ, ಬೇರೇನೂ ಮಾಡಬೇಡಿ ಎಂದು ಚೀಟಿಯಲ್ಲೇ ಬರೆಸಿದ್ದೆ. ಜೊತೆಗಿದ್ದ ಸ್ಕ್ರೂ ನೋಡಿ ಅಲ್ಲಿನವರು 8-32 ಟ್ಯಾಪ್ ತೆಗೆದುಕೊಂಡು ತೂತಿಗೆ ಇಳಿಸಿಯೇಬಿಟ್ಟಿದ್ದರು. ಕೋವಿ ಕೈಗೆ ಬಂದಾಗ ಟಾರ್ಚ್ ಬಿಟ್ಟು ನೋಡಿದೆ. ಹಳೇ ಥ್ರೆಡ್ ಮೇಲೆ ಹೊಸ ಥ್ರೆಡ್ ಅಡ್ಡಾದಿಡ್ಡಿ ಹೋಗಿತ್ತು. ತೂತಿನ ತಳದಲ್ಲಿ ಕಬ್ಬಿಣದ ಪುಡಿ ಹಾಗೇ ಇತ್ತು. ಸ್ಕ್ರೂ ಒಳಗೆ ಹೋಗುತ್ತಿತ್ತು, ಆದರೆ ಸುಮ್ನೆ ಸುತ್ತುತ್ತಿತ್ತು.

ಇದು ಬರೀ ಸೈಟ್ ಅಲುಗಾಡುವ ವಿಷಯ ಅಲ್ಲ. ಆ ತೂತು ನಳಿಗೆಯ ಆಚೆ ಹೋಗುವುದಿಲ್ಲ, ಗೋಡೆಯ ದಪ್ಪದಲ್ಲೇ ನಿಲ್ಲುತ್ತದೆ. ಅದು ಇರುವುದೂ ಮದ್ದು ಉರಿಯುವ ಹಿಂಬದಿಯ ಹತ್ತಿರದಲ್ಲೇ. ಥ್ರೆಡ್ ಹಿಡಿಯಲಿಲ್ಲ ಎಂದು ಇನ್ನೊಂದು ಚೂರು ಆಳಕ್ಕೆ ಕೊರೆದರೆ ಗೋಡೆ ತೆಳುವಾಗುತ್ತದೆ. ಮುಖ ಪಕ್ಕದಲ್ಲಿಟ್ಟು ಹೊಡೆಯುವ ವಸ್ತು ಇದು. ಟ್ಯಾಪ್ ಹೊಡೆಯಿರಿ ಎಂದು ಕಾಗದದಲ್ಲಿ ಬರೆದು ಕಳಿಸುವವರಿಗೆ ಇಷ್ಟಾದರೂ ಗೊತ್ತಿರಬೇಕು, ಅಲ್ವಾ?

ಮಾರುವವರು ಮುಚ್ಚಿಡುವ ಒಂದು ಸಂಗತಿ ಇದೆ. ಅಸಲಿ ಕೋವಿಯ ಸ್ಕ್ರೂ ಕೂಡ ಇವತ್ತಿನ ಯಾವ ಅಂಗಡಿ ಸ್ಕ್ರೂಗೂ ಸಮ ಅಲ್ಲ. ಇಡೀ ಅಮೆರಿಕಕ್ಕೆ ಒಂದೇ ಥರದ ಥ್ರೆಡ್ ಇರಲಿ ಎಂದು ವಿಲಿಯಂ ಸೆಲ್ಲರ್ಸ್ ಫಿಲಡೆಲ್ಫಿಯಾದಲ್ಲಿ ಪ್ರಸ್ತಾಪ ಇಟ್ಟದ್ದೇ 1864ರಲ್ಲಿ. ಈ ಕೋವಿಯ ನಮೂನೆ ಅದಕ್ಕಿಂತ ಮೂರು ವರ್ಷ ಹಳೆಯದು. ಅದನ್ನು ತಯಾರಿಸಿದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದವರು ತಮ್ಮದೇ ಥ್ರೆಡ್ ಕೊರೆಯುತ್ತಿದ್ದರು. ಈಗಿನ ನಕಲುಗಳಲ್ಲಿ ಬಹುಪಾಲು ಇಟಲಿಯ ಬ್ರೆಷಾ ಸೀಮೆಯಲ್ಲಿ ತಯಾರಾಗುತ್ತವೆ, ಅಲ್ಲಿ ಅಳತೆ ಮೆಟ್ರಿಕ್. ಅಸಲಿಗೆ ಕೂರುವುದು ನಕಲಿಗೆ ಹೇಗೆ ಕೂರುತ್ತದೆ?

ಹಾಗಾಗಿ ಹೆಸರು ಕೇಳಿ ಕೊಳ್ಳಬೇಡಿ, ಅಳತೆ ಕೇಳಿ. ದಪ್ಪ ಎಷ್ಟು, ಪಿಚ್ (ಥ್ರೆಡ್‌ನಿಂದ ಥ್ರೆಡ್‌ಗೆ ಇರುವ ದೂರ) ಎಷ್ಟು, ಉದ್ದ ಎಷ್ಟು, ತಲೆಯ ಅಗಲ ಎಷ್ಟು. ಉತ್ತರ ಬಾರದಿದ್ದರೆ ಮುಂದೆ ಹೋಗಿ. ನಳಿಗೆ ಮೇಲಿನ ಗುರುತು ನೋಡಿ ತಯಾರಕರು ಯಾರೆಂದು ತಿಳಿದುಕೊಳ್ಳಿ. ಅವರ ಬಿಡಿಭಾಗಗಳ ಚಿತ್ರಪಟದಲ್ಲಿ ಪ್ರತಿ ಸ್ಕ್ರೂಗೂ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟು ಆಮದುದಾರರ ಬಳಿಯೇ ತರಿಸಿ. ತಡವಾಗುತ್ತದೆ, ಆದರೂ ಅದೇ ಸರಿ. ಪಿಚ್ ಅಳೆಯುವ ಗೇಜ್ ಮನೆಯಲ್ಲಿರಲಿ, ಏನೂ ಜಾಸ್ತಿ ಬೆಲೆ ಇಲ್ಲ. ಬಿಚ್ಚುವ ಮೊದಲು ನಳಿಗೆಯ ಬಾಯಿಂದ ಸಲಾಕೆ ಇಳಿಸಿ ಈಡು ತುಂಬಿಲ್ಲ ಎಂಬುದನ್ನು ಖಚಿತ ಮಾಡಿಕೊಳ್ಳಿ.

ಒಂದು ಜೋಡಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಕೆಲವು ಕೋವಿಗಳಲ್ಲಿ ಎಂ5 ತೂತು ಇರುತ್ತದೆ. ಅದಕ್ಕೆ ಅಮೆರಿಕದ 10-32 ಸ್ಕ್ರೂ ಸಲೀಸಾಗಿ ಒಳಗೆ ಹೋಗುತ್ತದೆ. ಎರಡರ ಪಿಚ್ ಹೆಚ್ಚುಕಡಿಮೆ ಒಂದೇ, ಆದರೆ ಸ್ಕ್ರೂ ಸ್ವಲ್ಪ ಸಣ್ಣ. ಬಿಗಿಯಾದ ಹಾಗೆ ಅನ್ನಿಸುತ್ತದೆ, ಹೊಡೆಯುತ್ತಾ ಹೋದಂತೆ ಅದುರಿಗೆ ಸಡಿಲವಾಗುತ್ತದೆ. ಕೂರದ ಸ್ಕ್ರೂಗಿಂತ ಹೀಗೆ ಕೂತಂತೆ ಮಾಡುವ ಸ್ಕ್ರೂ ನನಗೆ ಹೆಚ್ಚು ಭಯ.

ಕೊನೆಗೆ ಕೋವಿ ಉಳಿಸಿಕೊಟ್ಟದ್ದು ನಮ್ಮ ತಂಡದ ಹಿರಿಯರೊಬ್ಬರು, ಜೀವಮಾನವಿಡೀ ಲೇತ್ ಮೇಲೆ ಕೆಲಸ ಮಾಡಿದವರು. ಮೊದಲು ತೂತಿನ ಆಳ ಅಳೆದರು, ಗೋಡೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿದರು. ಎಂ5 ಥ್ರೆಡ್‌ಗೆ ಮೊದಲು ಕೊರೆಯಬೇಕಾದ ತೂತು 4.2 ಮಿಲಿಮೀಟರ್. ಕೆಟ್ಟ ಥ್ರೆಡ್‌ನ ಹೊರ ಅಳತೆ 4.17. ಹಾಗಾಗಿ ಆಳಕ್ಕೆ ಒಂದಿಷ್ಟೂ ಹೋಗದೆ ಹಾಳಾದದ್ದೆಲ್ಲ ಸವೆದುಹೋಗಿ ಹೊಸ ಥ್ರೆಡ್‌ಗೆ ಜಾಗ ಸಿಕ್ಕಿತು. ತಳದವರೆಗೂ ಕೊರೆಯುವ ಟ್ಯಾಪನ್ನು ಕೈಯಲ್ಲೇ, ಎಣ್ಣೆ ಬಿಟ್ಟು, ಅರ್ಧ ಸುತ್ತು ಮುಂದೆ ಕಾಲು ಸುತ್ತು ಹಿಂದೆ ತಿರುಗಿಸುತ್ತಾ ಇಳಿಸಿದರು. ಸ್ಕ್ರೂವನ್ನು ಲೇತ್‌ನಲ್ಲಿ ಹೊಸದಾಗಿಯೇ ಮಾಡಿದರು, ತಲೆ ಹಳೇ ಗುಳಿಗೆ ಸರಿಯಾಗಿ ಕೂರುವ ಹಾಗೆ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಲಾಕ್‌ಟೈಟ್ ಅಂಟು ಒಂದು ಹನಿ ಹಾಕಿ ಬಿಗಿದರು. ಸೈಟ್ ಈಗ ಅಲುಗುವುದಿಲ್ಲ. ಆದರೆ ತಯಾರಕರ ಸ್ಕ್ರೂ ಇನ್ನು ಈ ಕೋವಿಗೆ ಯಾವತ್ತೂ ಕೂರುವುದಿಲ್ಲ, ಮುಂದೆ ಮಾರುವುದಾದರೆ ಕೊಳ್ಳುವವರಿಗೆ ಹೇಳಲೇಬೇಕು.

ಟ್ಯಾಪ್ ಹೊಡೆದ ಅಂಗಡಿಯವರು ಖರ್ಚಿನಲ್ಲಿ ಅರ್ಧ ಕೊಡುತ್ತೇವೆ ಎಂದಿದ್ದಾರೆ, ಇನ್ನೂ ಕೊಟ್ಟಿಲ್ಲ. ಸ್ಕ್ರೂ ಮಾರಿದವರ ಪಟ್ಟಿಯಲ್ಲಿ "ಎಲ್ಲಾ ನಕಲಿಗೂ ಹೊಂದುತ್ತದೆ" ಎಂಬ ಸಾಲು ಈಗಲೂ ಹಾಗೇ ಇದೆ.