ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್: ಎರಡು ವರ್ಷದ ಬಳಕೆಯ ನಂತರ

ಸಿಕಲ್ ಸೆಲ್ ರಕ್ತಹೀನತೆ, ಅಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಹುಟ್ಟಿನಿಂದಲೇ ಬರುವ ಕಾಯಿಲೆ ಇರುವ ನನ್ನ 15 ವರ್ಷದ ಮಗ ಹೈಡ್ರಾಕ್ಸಿಯೂರಿಯಾ ಕ್ಯಾಪ್ಸೂಲ್ ತೆಗೆದುಕೊಳ್ಳಲು ಆರಂಭಿಸಿ ಎರಡು ವರ್ಷ ತುಂಬಿತು. ಈ ಔಷಧದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬಾಗಿದ ಕಣಗಳು ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಬರುವ ನೋವಿನ ದಾಳಿಗಳನ್ನೇ ಎಣಿಸುತ್ತಾರೆ. 1995ರಲ್ಲಿ ಪ್ರಕಟವಾದ, ವಯಸ್ಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿಯೂ ಮುಖ್ಯವಾಗಿ ಅಳೆದದ್ದು ಅದನ್ನೇ. ಅಲ್ಲಿ ದಾಳಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು. ಅದು ಸಣ್ಣ ಮಾತಲ್ಲ. ಆದರೆ ಬೆಳೆಯುವ ಹುಡುಗನಿಗೆ ನೋವಿಲ್ಲದ ದಿನಗಳಲ್ಲಿಯೂ ಓರಗೆಯವರೊಡನೆ ಓಡಲು ಉಸಿರು ಸಾಲುವುದಿಲ್ಲ. ಈ ಔಷಧವನ್ನು ನಾನು ತೂಗಿ ನೋಡಿದ್ದು ಆ ತಕ್ಕಡಿಯಲ್ಲಿ.

ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನಲ್ಲಿ, ಗರ್ಭದಲ್ಲಿರುವಾಗ ಹೆಚ್ಚಾಗಿದ್ದು ಹುಟ್ಟಿದ ಮೇಲೆ ಕಡಿಮೆಯಾಗುವ ಬಗೆಯನ್ನು, ಅಂದರೆ ಭ್ರೂಣ ಹಿಮೋಗ್ಲೋಬಿನ್ನನ್ನು, ಹೆಚ್ಚಿಸುವುದು ಈ ಔಷಧದ ಮುಖ್ಯ ಕೆಲಸ. ಆಮ್ಲಜನಕ ಬಿಟ್ಟುಕೊಟ್ಟ ಸಿಕಲ್ ಹಿಮೋಗ್ಲೋಬಿನ್ ಒಂದಕ್ಕೊಂದು ಹೆಣೆದುಕೊಂಡು ಕೆಂಪುಕಣವನ್ನು ಕುಡುಗೋಲಿನಂತೆ ಬಾಗಿಸುತ್ತದೆ. ನಡುವೆ ಭ್ರೂಣ ಹಿಮೋಗ್ಲೋಬಿನ್ ಇದ್ದರೆ ಆ ಹೆಣಿಗೆ ಸುಲಭವಾಗಿ ಕೂಡಿಬರುವುದಿಲ್ಲ. ಕಣಗಳು ಹೆಚ್ಚು ದಿನ ಬಾಳುವುದರಿಂದ ಒಟ್ಟು ಹಿಮೋಗ್ಲೋಬಿನ್ ಕೂಡ ತುಸು ಏರುತ್ತದೆ, ವ್ಯಾಯಾಮದ ಮಟ್ಟಿಗೆ ಲಾಭ ಇರುವುದು ಇಲ್ಲಿಯೇ. ರಕ್ತಹೀನತೆಯನ್ನು ಸರಿದೂಗಿಸಲು ಹೃದಯವು ಸುಮ್ಮನೆ ಕುಳಿತಾಗಲೂ ಹೆಚ್ಚು ರಕ್ತ ಹರಿಸುತ್ತಿರುವುದರಿಂದ, ಓಡುವಾಗ ಇನ್ನಷ್ಟು ಹರಿಸಲು ಅದಕ್ಕೆ ಉಳಿದಿರುವ ಶಕ್ತಿ ಕಡಿಮೆ.

ಔಷಧ ಆರಂಭಿಸುವ ಮೊದಲೊಮ್ಮೆ, ವರ್ಷದ ನಂತರ ಇನ್ನೊಮ್ಮೆ ಮಗನಿಗೆ ವ್ಯಾಯಾಮ ಪರೀಕ್ಷೆ ಮಾಡಿಸಿದೆವು. ಮೂಗು ಬಾಯಿ ಮುಚ್ಚುವ ಮಾಸ್ಕ್ ಕಟ್ಟಿ, ನಿಂತಲ್ಲೇ ತುಳಿಯುವ ಸೈಕಲ್ಲಿನ ಭಾರವನ್ನು ನಿಮಿಷ ನಿಮಿಷಕ್ಕೂ ಏರಿಸುತ್ತಾ, ದೇಹ ಎಷ್ಟು ಆಮ್ಲಜನಕ ಬಳಸಿಕೊಳ್ಳುತ್ತದೆ ಎಂಬುದನ್ನು ಅಳೆಯುತ್ತಾರೆ. ಮೊದಲ ಸಲ 7ನೆಯ ನಿಮಿಷಕ್ಕೆ ಕಾಲು ಸೋತು ಕೈಯೆತ್ತಿದವನು ಎರಡನೆಯ ಸಲ 10ನೆಯ ನಿಮಿಷದವರೆಗೆ ತುಳಿದ. ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 7.9 ಗ್ರಾಂನಿಂದ 9.2 ಗ್ರಾಂಗೆ ಏರಿತ್ತು. ಆದರೆ ಅಷ್ಟರಲ್ಲಿ ಅವನು ಎತ್ತರವೂ ಆಗಿದ್ದ. ಬೆಳವಣಿಗೆಯ ಪಾಲನ್ನೂ ಔಷಧದ ಖಾತೆಗೆ ಬರೆಯುವುದು ನ್ಯಾಯವಲ್ಲ. ದೇಹತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದಾಗ ಆಮ್ಲಜನಕದ ಬಳಕೆ ಏರಿದ್ದು ಸ್ವಲ್ಪವೇ, ಆರೋಗ್ಯವಂತ ಹುಡುಗರ ಮಟ್ಟವಂತೂ ಇನ್ನೂ ದೂರವಿತ್ತು.

ದೂರುಗಳೂ ಇವೆ. ಫಲ ಕಾಣಲು ತಿಂಗಳುಗಳೇ ಬೇಕು, ಮೊದಲ ನಾಲ್ಕು ತಿಂಗಳು ನಮಗೆ ಏನೂ ಗೊತ್ತಾಗಲಿಲ್ಲ. ಬಿಳಿರಕ್ತಕಣಗಳು ಇಳಿಯಬಹುದಾದ್ದರಿಂದ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಒಮ್ಮೆ ಹಾಗೆ ಇಳಿದು ಎರಡು ವಾರ ಔಷಧ ನಿಲ್ಲಿಸಬೇಕಾಯಿತು. ಉಗುರುಗಳ ಮೇಲೆ ಕಪ್ಪು ಗೆರೆಗಳು ಮೂಡಿವೆ, ಹದಿಹರೆಯದವನಿಗೆ ಅದೂ ಚಿಂತೆಯೇ. ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಬೆಳೆಯುವ ವಯಸ್ಸಿನಲ್ಲಿ ಅದನ್ನು ಆಗಾಗ ಬದಲಿಸಬೇಕು, ಆದರೆ ಕ್ಯಾಪ್ಸೂಲನ್ನು ಬಿಚ್ಚಿ ಪಾಲು ಮಾಡಬಾರದು. ಹಾಗಾಗಿ ನಾವು ವಾರದ ಕೆಲವು ದಿನ ಒಂದು, ಕೆಲವು ದಿನ ಎರಡು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇವೆ.

ಹಿಂದೊಬ್ಬ ವೈದ್ಯರು ಆಟವನ್ನೇ ಬಿಡಿಸಿದ್ದರು. ಈಗಿನವರು ನಡುನಡುವೆ ನೀರು, ವಿಶ್ರಾಂತಿ ಎಂಬ ಕಟ್ಟಳೆಯೊಂದಿಗೆ ಹದವಾದ ಆಟಕ್ಕೆ ಒಪ್ಪಿದ್ದಾರೆ. ಕ್ಯಾಪ್ಸೂಲ್ ನುಂಗಿದ ಮಾತ್ರಕ್ಕೆ ಈ ಎಚ್ಚರ ಸಡಿಲಿಸುವಂತಿಲ್ಲ. ಬಾಯಾರಿ ಓಡಿದರೆ ಕಣಗಳು ಬಾಗುತ್ತವೆ. ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಮೂರನೆಯ ಮಹಡಿಗೆ ಹತ್ತುವಾಗ ಮೊದಲು ಎರಡು ಕಡೆ ನಿಲ್ಲುತ್ತಿದ್ದ ಹುಡುಗ ಈಗ ಒಂದೇ ಕಡೆ ನಿಲ್ಲುತ್ತಾನೆ.